ಬ್ಯುರೆಟ್ ರೀಡಿಂಗ್ ಮೊದಲೇ ಹೇಳಿಕೊಡಬೇಡಿ

ಮಾನ್ಯ ಸಂಪಾದಕರೇ,

ಪದವಿಪೂರ್ವ ಕಾಲೇಜುಗಳಲ್ಲಿ ಪ್ರಾಯೋಗಿಕ ಪರೀಕ್ಷೆಯ ತಯಾರಿ ನಡೆಯುವ ಈ ಹೊತ್ತಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರಲ್ಲಿ, ಪರೀಕ್ಷಕರಾಗಿ ಹೋಗುವವರಲ್ಲಿ ಮತ್ತು ಇಲಾಖೆಯ ಅಧಿಕಾರಿಗಳಲ್ಲಿ ನಿಮ್ಮ ಪತ್ರಿಕೆಯ ಮೂಲಕ ನನ್ನದೊಂದು ವಿನಂತಿ. ಟೈಟ್ರೇಷನ್, ಅಂದರೆ ಗೆರೆ ಹಾಕಿದ ಉದ್ದ ಗಾಜಿನ ನಳಿಗೆಯಾದ ಬ್ಯುರೆಟ್ಟಿನಿಂದ ಆಮ್ಲಕ್ಕೆ ಕ್ಷಾರವನ್ನು ಹನಿ ಹನಿಯಾಗಿ ಬಿಟ್ಟು, ಬಣ್ಣ ಬದಲಾಗುವ ಹೊತ್ತಿಗೆ ಎಷ್ಟು ಹೋಯಿತೆಂದು ಅಳೆಯುವ ಪ್ರಯೋಗ, ಮಾಡಲು ನಿಂತ ಮಕ್ಕಳಿಗೆ ಎಷ್ಟು ಮಿಲಿಲೀಟರಿಗೆ ಬಣ್ಣ ಬರುತ್ತದೆ ಎಂಬುದನ್ನು ಮೊದಲೇ ಹೇಳಿಕೊಡಬೇಡಿ. ಅವರ ಕೈಗೆ ಬಂದದ್ದನ್ನೇ ಅವರು ಬರೆಯಲಿ. ಅದಕ್ಕಿಂತ ಮೊದಲು, ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣವನ್ನು ಅವರೇ ಮಾಡಿ, ಅದರ ನಿಜವಾದ ಸಾಂದ್ರತೆಯನ್ನು ಅವರೇ ಕಂಡುಹಿಡಿಯಲಿ.

ನಾನು ಹಾಲಿನ ಡೇರಿಯೊಂದರ ಗುಣಮಟ್ಟ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬ್ಯುರೆಟ್ಟಿನ ಮುಂದೆ ನಿಂತೇ ಸಂಬಳ ಎಣಿಸಿದವಳು. ಹಾಗಾಗಿ ಈ ವಿಷಯದಲ್ಲಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಇತ್ತೀಚೆಗೆ ನಮ್ಮ ನೆಂಟರ ಹುಡುಗಿ ಪ್ರಥಮ ಪಿಯುಸಿಯ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ತಂದು ಲೆಕ್ಕ ಸರಿಯಿದೆಯೇ ನೋಡಿ ಎಂದಳು. ಕಾಲೇಜಿನ ಹೆಸರು ಇಲ್ಲಿ ಬೇಡ. ಆಕ್ಸಾಲಿಕ್ ಆಮ್ಲದಿಂದ ಸೋಡಿಯಂ ಹೈಡ್ರಾಕ್ಸೈಡಿನ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ ಅದು. ಚಿತ್ರ ಅಂದವಾಗಿತ್ತು, ಪೆನ್ಸಿಲಿನ ಗೆರೆಗಳು ನೇರವಾಗಿದ್ದವು. ಕೋಷ್ಟಕದಲ್ಲಿ ಮೂರು ರೀಡಿಂಗ್ ಇದ್ದವು, ಮೂರೂ 9.8. ಮೂರು ಸಲವೂ ಬ್ಯುರೆಟ್ಟಿನ ಆರಂಭದ ರೀಡಿಂಗ್ ಸೊನ್ನೆ. ಗೆಳತಿಯದು ಎಷ್ಟು ಬಂತು ಎಂದು ಕೇಳಿದೆ. ಎಲ್ಲರದೂ 9.8 ಎಂದಳು. ಬೋರ್ಡಿನ ಮೇಲೆ ಬರೆದಿದ್ದರಂತೆ. ಅವಳಿಗೆ ನಿಜವಾಗಿ ಬಂದದ್ದೆಷ್ಟು ಎಂದರೆ, ಎರಡನೆಯ ಸಲ 10.3 ಬಂದಿತ್ತು, ತಪ್ಪಾಗಿರಬೇಕು ಎಂದು ಚೆಲ್ಲಿಬಿಟ್ಟೆ ಎಂದಳು. ಆ ಮಗುವಿನ ಮುಖದಲ್ಲಿ ಅಳುಕೇನೂ ಇರಲಿಲ್ಲ, ಪ್ರಯೋಗವೆಂದರೆ ಹೀಗೇ ಎಂದು ಅವಳು ನಂಬಿದ್ದಾಳೆ. ನನಗೆ ನೋವಾದದ್ದು ಅದಕ್ಕೆ. 10.3 ಸರಿಯೂ ಇದ್ದಿರಬಹುದು, ತಪ್ಪೂ ಇದ್ದಿರಬಹುದು. ಇನ್ನೆರಡು ಸಲ ಮಾಡಿದ್ದರೆ ಅವಳಿಗೇ ತಿಳಿಯುತ್ತಿತ್ತು. ಆ ಅವಕಾಶವನ್ನೇ ನಾವು ಅವಳಿಂದ ಕಸಿದುಕೊಂಡೆವು.

ಅದೇ ಕಾಲೇಜಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಮಾಡುವುದು ಯಾರು ಎಂದು ವಿಚಾರಿಸಿದೆ. ಮಕ್ಕಳು ಬರುವ ಹೊತ್ತಿಗೆ ದೊಡ್ಡ ಗಾಜಿನ ಬಾಟಲಿಯಲ್ಲಿ ತಯಾರಾಗಿಯೇ ಇರುತ್ತದೆಯಂತೆ. ಮೇಲೆ ಚೀಟಿ ಅಂಟಿಸಿ 0.1 ನಾರ್ಮಲ್ ಎಂದು ಬರೆದಿರುತ್ತದೆಯಂತೆ. ನಾರ್ಮಲ್ ಎಂಬುದು ದ್ರಾವಣದ ಬಲದ ಅಳತೆ. ಯಾವತ್ತು ಮಾಡಿದ್ದು, ಯಾರು ಮಾಡಿದ್ದು, ಯಾವುದರ ವಿರುದ್ಧ ತಾಳೆ ನೋಡಿದ್ದು ಎಂಬುದೊಂದೂ ಇಲ್ಲ. ಡೇರಿಯಲ್ಲಿ ಇಂಥ ಬಾಟಲಿ ಕಣ್ಣಿಗೆ ಬಿದ್ದರೆ ನಾವು ಸಿಂಕಿಗೆ ಸುರಿಯುತ್ತಿದ್ದೆವು.

ಏಕೆಂದರೆ ಸೋಡಿಯಂ ಹೈಡ್ರಾಕ್ಸೈಡ್ ತೂಕಕ್ಕೆ ನಿಷ್ಠೆಯಿಂದ ನಿಲ್ಲುವ ವಸ್ತುವಲ್ಲ. ಪುಸ್ತಕದ ಲೆಕ್ಕ ಸುಲಭ. ಅದರ ಮೋಲಾರ್ ದ್ರವ್ಯರಾಶಿ 40, ಆದ್ದರಿಂದ ಒಂದು ಲೀಟರಿನಲ್ಲಿ 4 ಗ್ರಾಂ ಕರಗಿಸಿದರೆ 0.1 ನಾರ್ಮಲ್. ಆದರೆ ಆ 4 ಗ್ರಾಂ ಎಲ್ಲವೂ ಸೋಡಿಯಂ ಹೈಡ್ರಾಕ್ಸೈಡೇ ಆಗಿರಬೇಕಲ್ಲ! ಹೊಸದಾಗಿ ಮುಚ್ಚಳ ಒಡೆದ ಡಬ್ಬಿಯಲ್ಲಿಯೂ ಅದು ಸಾಮಾನ್ಯವಾಗಿ ನೂರಕ್ಕೆ 97, 98ರಷ್ಟು ಮಾತ್ರ. ಉಳಿದದ್ದು ನೀರು ಮತ್ತು ಕಾರ್ಬೊನೇಟ್. ನಾಲ್ಕು ಬಿಳಿ ಗುಳಿಗೆಗಳನ್ನು ವಾಚ್ ಗ್ಲಾಸಿನ ಮೇಲೆ ಇಟ್ಟು ಕಣ್ಣು ಕೀಳದೆ ನೋಡಿ. ಮೊದಲು ಅವುಗಳ ಮೈ ಮಿನುಗುತ್ತದೆ, ಬಳಿಕ ಮಳೆಗಾಲದಲ್ಲಿ ಬೆಲ್ಲದ ಅಚ್ಚು ಬೆವರುವ ಹಾಗೆ ಬೆವರುತ್ತವೆ, ಕೆಳಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಟ್ಟರೆ ಸಣ್ಣದೊಂದು ಕೊಳವಾಗಿ ಹರಡುತ್ತವೆ. ತಕ್ಕಡಿಯ ಅಂಕಿ ನೋಡನೋಡುತ್ತಿದ್ದಂತೆಯೇ ಏರುತ್ತದೆ. ಏರಿದ್ದು ಕ್ಷಾರವಲ್ಲ, ಗಾಳಿಯ ತೇವ. ಅದೇ ಹೊತ್ತಿಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಹೊಕ್ಕು ಗುಳಿಗೆಯ ಮೈಯನ್ನು ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತಿರುತ್ತದೆ. ಇಂಥ ವಸ್ತುವನ್ನು ನಾಲ್ಕು ದಶಮಾಂಶದ ತಕ್ಕಡಿಯಲ್ಲಿ ತೂಗಿದರೂ ಏನು ಪ್ರಯೋಜನ? ಸುಮಾರಾಗಿ ತೂಗಿ, ಬೇಗ ನೀರಿಗೆ ಹಾಕಿ, ಆಮೇಲೆ ಅದರ ನಿಜ ಬಲವನ್ನು ಇನ್ನೊಂದು ನಂಬಿಕಸ್ಥ ವಸ್ತುವಿನಿಂದ ಅಳೆಯುವುದೊಂದೇ ದಾರಿ. ಪ್ರಯೋಗದ ತಿರುಳೇ ಇದು. ಚೀಟಿ ಅಂಟಿಸಿದ ಬಾಟಲಿಯನ್ನು ಮಕ್ಕಳ ಮುಂದಿಟ್ಟರೆ ಈ ತಿರುಳು ಅವರಿಗೆ ಸಿಕ್ಕುವುದಾದರೂ ಹೇಗೆ?

ಆ ನಂಬಿಕಸ್ಥ ವಸ್ತು ನಮ್ಮ ಕಾಲೇಜುಗಳಲ್ಲಿ ಆಕ್ಸಾಲಿಕ್ ಆಮ್ಲ. ಹರಳಾಗಿ ಸಿಗುತ್ತದೆ, ದುಬಾರಿಯಲ್ಲ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ತೂಗುವಾಗ ಕಣ್ಣೆದುರೇ ಬದಲಾಗುವುದಿಲ್ಲ. 19ನೆಯ ಶತಮಾನದಲ್ಲಿ ಇದನ್ನು ಈ ಕೆಲಸಕ್ಕೆ ರೂಢಿಗೆ ತಂದವನು ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಮೋರ್. ದ್ವಿತೀಯ ಪಿಯುಸಿಯ ಮಕ್ಕಳು ಪರ್ಮಾಂಗನೇಟಿನ ಜೊತೆ ಬಳಸುವ ಮೋರ್ ಲವಣಕ್ಕೆ ಹೆಸರು ಬಂದದ್ದು ಅವನಿಂದಲೇ. ಆಕ್ಸಾಲಿಕ್ ಆಮ್ಲದ ಹರಳಿನಲ್ಲಿ ಎರಡು ಅಣು ನೀರು ಸೇರಿರುತ್ತದೆ, ಒಟ್ಟು ಮೋಲಾರ್ ದ್ರವ್ಯರಾಶಿ 126.07. ಎರಡು ಹೈಡ್ರೋಜನ್ ಬಿಟ್ಟುಕೊಡುವುದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಅದರ ಅರ್ಧ, ಅಂದರೆ ತುಲ್ಯಾಂಕ ಭಾರ 63.04. ಕಾಲು ಲೀಟರ್ 0.1 ನಾರ್ಮಲ್ ದ್ರಾವಣಕ್ಕೆ 1.576 ಗ್ರಾಂ ಬೇಕು. ಹಳೆಯ ಬಾಟಲಿಯ ಹರಳುಗಳು ಒಣಹವೆಯಲ್ಲಿ ನೀರು ಕಳೆದುಕೊಂಡು ಬಿಳಿ ಪುಡಿಯಾಗಿದ್ದರೆ ಅವನ್ನು ಬಳಸಬಾರದು, ಲೆಕ್ಕಕ್ಕಿಂತ ಹೆಚ್ಚು ಆಮ್ಲ ತೂಕಕ್ಕೆ ಬಂದುಬಿಡುತ್ತದೆ. ಕಾಲೇಜಿಗೆ ಶಕ್ತಿಯಿದ್ದರೆ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ತರಿಸುವುದು ಇನ್ನೂ ಒಳ್ಳೆಯದು. 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ತೇವ ತಾಗದ ಡೆಸಿಕೇಟರ್ ಪಾತ್ರೆಯಲ್ಲಿ ತಣಿಸಿ ತೂಗಿದರೆ ಅಷ್ಟು ಪ್ರಾಮಾಣಿಕವಾದ ವಸ್ತು ಇನ್ನೊಂದಿಲ್ಲ. ಮೋಲಾರ್ ದ್ರವ್ಯರಾಶಿ 204.22 ಇರುವುದರಿಂದ ತೂಗಬೇಕಾದ ಪ್ರಮಾಣ ದೊಡ್ಡದು, ತೂಕದಲ್ಲಿನ ಸಣ್ಣ ತಪ್ಪು ಅಷ್ಟಾಗಿ ಬಾಧಿಸುವುದಿಲ್ಲ.

ತೂಗುವಾಗಲೂ ಮಕ್ಕಳನ್ನು ಬೇಡದ ಸಂಕಟಕ್ಕೆ ಸಿಲುಕಿಸುತ್ತೇವೆ. 1.576 ಬರಲೇಬೇಕು ಎಂದು ಒಂದು ಹರಳು ಹಾಕಿ, ಅರ್ಧ ಹರಳು ತೆಗೆದು, ತೆಗೆದದ್ದನ್ನು ಬಾಟಲಿಗೇ ಮರಳಿ ಹಾಕಿ ಇಡೀ ಬಾಟಲಿಯನ್ನು ಕೆಡಿಸುತ್ತಾರೆ. ಅಷ್ಟು ಹಟ ಯಾಕೆ? 1.612 ಗ್ರಾಂ ಬಂತೇ, ಹಾಗೇ ಬರೆಯಲಿ. ಲೆಕ್ಕ ಮಾಡಿದರೆ ಆ ದ್ರಾವಣ 0.1023 ನಾರ್ಮಲ್. ಅದರ 25 ಮಿ.ಲೀ.ಗೆ ಬ್ಯುರೆಟ್ಟಿನಿಂದ 26.4 ಮಿ.ಲೀ. ಕ್ಷಾರ ಹೋಯಿತೆನ್ನಿ, ಕ್ಷಾರದ ಬಲ 0.0969. ಪಕ್ಕದ ಮೇಜಿನ ಹುಡುಗನ ತೂಕ ಬೇರೆ, ಅವನ ರೀಡಿಂಗೂ ಬೇರೆ, ಆದರೂ ಕೊನೆಯಲ್ಲಿ ಕ್ಷಾರದ ಬಲ ಇಬ್ಬರಿಗೂ ಹತ್ತಿರ ಹತ್ತಿರವೇ ಬರುತ್ತದೆ. ಬೇರೆ ಬೇರೆ ದಾರಿಯಲ್ಲಿ ನಡೆದು ಇಬ್ಬರೂ ಒಂದೇ ಊರು ತಲುಪಿದ್ದನ್ನು ಕಂಡ ಮಕ್ಕಳ ಸಂತೋಷವೇ ಬೇರೆ. ಬೋರ್ಡಿನ ಮೇಲೆ 9.8 ಬರೆದ ತರಗತಿಯಲ್ಲಿ ಈ ಸಂತೋಷಕ್ಕೆ ಜಾಗವಿಲ್ಲ.

ಟೈಟ್ರೇಷನ್ನಿನ ಕೊನೆಯ ಒಂದು ಮಿಲಿಲೀಟರ್ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಕೋನಿಕಲ್ ಫ್ಲಾಸ್ಕಿನಲ್ಲಿ ಆಮ್ಲ, ಆಮ್ಲದಲ್ಲಿ ಬಣ್ಣವಿಲ್ಲದೆ ಕ್ಷಾರದಲ್ಲಿ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎರಡು ಮೂರು ಹನಿ, ಕೆಳಗೊಂದು ಬಿಳಿ ಕಾಗದ. ಎಡಗೈ ಬ್ಯುರೆಟ್ಟಿನ ತಿರುಪಿನ ಮೇಲೆ, ಬಲಗೈ ಫ್ಲಾಸ್ಕಿನ ಕುತ್ತಿಗೆಯ ಮೇಲೆ. ಮೊದಮೊದಲು ಕ್ಷಾರ ಬಿದ್ದ ಜಾಗದಲ್ಲಿ ಮಾತ್ರ ಗುಲಾಬಿ ಮಿಂಚಿ ಮಾಯವಾಗುತ್ತದೆ. ನಂತರ ಆ ಗುಲಾಬಿ ಒಂದು ಸುತ್ತು ತಿರುಗಿ ಮಾಯವಾಗುತ್ತದೆ. ಎರಡು ಸುತ್ತು ಉಳಿಯತೊಡಗಿದಾಗ ತಿರುಪನ್ನು ಬಿಗಿ ಮಾಡಬೇಕು, ಇನ್ನು ಮುಂದೆ ಹನಿ ಹನಿ. ಕೊನೆಗೆ ಪೂರ್ತಿ ಹನಿಯನ್ನೂ ಬಿಡುವಂತಿಲ್ಲ. ಬ್ಯುರೆಟ್ಟಿನ ತುದಿಯಲ್ಲಿ ಅರ್ಧ ಹನಿ ತೂಗಾಡುವಂತೆ ಮಾಡಿ, ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ, ವಾಷ್ ಬಾಟಲಿಯ ನೀರಿನಿಂದ ಒಳಕ್ಕೆ ತೊಳೆಯಬೇಕು. ಆಗ ಇಡೀ ದ್ರಾವಣ ತೆಳು ಗುಲಾಬಿಗೆ ತಿರುಗಿ ಅರ್ಧ ನಿಮಿಷ ಹಾಗೇ ನಿಂತರೆ ಅದೇ ಕೊನೆ. ಆಮೇಲೆ ಫ್ಲಾಸ್ಕನ್ನು ಮೇಜಿನ ಮೇಲೆ ಬಿಟ್ಟರೆ ಬಣ್ಣ ನಿಧಾನವಾಗಿ ಮಾಸುತ್ತದೆ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡಿನ ಕೆಲಸ, ಮತ್ತೆ ಕ್ಷಾರ ಸೇರಿಸಬಾರದು. ರಾಣಿ ಬಣ್ಣದ ಕಡು ಗುಲಾಬಿಯಾದ ಫ್ಲಾಸ್ಕನ್ನು ಎತ್ತಿ ಹಿಡಿದು ಬಂತು ಬಂತು ಎಂದು ಕೂಗುವ ಮಗುವಿಗೆ, ಗುರಿ ದಾಟಿ ಬಹಳ ಮುಂದೆ ಹೋಗಿದ್ದೀಯಮ್ಮ ಎಂದು ಪ್ರೀತಿಯಿಂದ ಹೇಳಿ ಇನ್ನೊಮ್ಮೆ ಮಾಡಿಸಬೇಕು. ಈ ಹದ ಕೈಗೆ ಕೂರುವುದು ಮಾಡಿ ಮಾಡಿಯೇ. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ಕಂಡುಹಿಡಿದ ಫಿನಾಲ್ಫ್ತಲೀನ್ ಎಂಬ ಆ ಬಿಳಿ ಪುಡಿ ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ಉಳಿದಿರುವುದು ಅದು ತೋರಿಸುವ ಈ ಸೂಕ್ಷ್ಮದಿಂದಾಗಿ.

ಇಷ್ಟೆಲ್ಲ ಅರ್ಧ ಹನಿಯ ಲೆಕ್ಕ ಯಾರ ಹೊಟ್ಟೆ ತುಂಬಿಸುತ್ತದೆ ಎಂದು ಕೆಲವರು ಕೇಳಬಹುದು. ಹಾಲು ಹಾಕುವ ರೈತನ ಹೊಟ್ಟೆಯನ್ನು ತುಂಬಿಸುತ್ತದೆ, ಅಥವಾ ಹೊಡೆಯುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಲಿನ ಹುಳಿಯನ್ನು ಅಳೆಯುವುದೂ ಇದೇ ಸೋಡಿಯಂ ಹೈಡ್ರಾಕ್ಸೈಡಿನಿಂದ, ಇದೇ ಫಿನಾಲ್ಫ್ತಲೀನಿನಿಂದ. ಡೇರಿಗಳಲ್ಲಿ ಲೆಕ್ಕ ಸುಲಭವಾಗಲೆಂದು ಕ್ಷಾರವನ್ನು 1/9 ನಾರ್ಮಲ್ ಬಲಕ್ಕೆ ಮಾಡಿಟ್ಟುಕೊಳ್ಳುವ ಪದ್ಧತಿಯುಂಟು. 10 ಮಿ.ಲೀ. ಹಾಲಿಗೆ ಅದರ 1 ಮಿ.ಲೀ. ಹೋದರೆ ಹುಳಿ ಶೇ 0.1, ಲ್ಯಾಕ್ಟಿಕ್ ಆಮ್ಲದ ಲೆಕ್ಕದಲ್ಲಿ. ಆಗ ಕರೆದ ಒಳ್ಳೆಯ ಹಸುವಿನ ಹಾಲು 0.13, 0.14ರ ಆಸುಪಾಸು ಇರುತ್ತದೆ. ಅದು ಹುಳಿಯಲ್ಲ, ಹಾಲಿನ ಪ್ರೋಟೀನು ಮತ್ತು ಫಾಸ್ಫೇಟುಗಳ ಸಹಜ ಗುಣ. ನಾವು ಇಟ್ಟುಕೊಂಡಿದ್ದ ಗೆರೆ 0.15. ಅದನ್ನು ದಾಟಿದರೆ ಕ್ಯಾನು ಪಕ್ಕಕ್ಕೆ. ಒಳ್ಳೆಯ ಹಾಲಿಗೂ ಅನುಮಾನದ ಹಾಲಿಗೂ ನಡುವೆ ಇರುವುದು ಬ್ಯುರೆಟ್ಟಿನ ಒಂದೇ ಒಂದು ಸಣ್ಣ ಗೆರೆ ಎಂಬುದನ್ನು ಗಮನಿಸಿ.

ಒಂದು ಬೇಸಗೆಯಲ್ಲಿ ಬೇರೆ ತಾಲ್ಲೂಕಿನ ಶೀತಲೀಕರಣ ಕೇಂದ್ರವೊಂದರಿಂದ ಹುಳಿ ಹಾಲಿನ ದೂರು ಮೇಲಿಂದ ಮೇಲೆ ಬರತೊಡಗಿತು. ಪರಿಶೀಲನೆಗೆಂದು ನನ್ನನ್ನು ಕಳಿಸಿದರು. ನಾನು ಹೋದ ಬೆಳಿಗ್ಗೆ ಹಾಲು ಇಳಿಸುವ ಕಟ್ಟೆಯಲ್ಲಿ 40 ಲೀಟರಿನ ಕ್ಯಾನುಗಳು ಒಂದರ ಹಿಂದೆ ಒಂದು ಪಕ್ಕಕ್ಕೆ ಹೋಗುತ್ತಿದ್ದವು. ಸಂಘವೊಂದರ ಕಾರ್ಯದರ್ಶಿ ಕೈಮುಗಿದು ಹೇಳುತ್ತಿದ್ದರು: ‘ಅಮ್ಮ, ಐದೂವರೆಗೆ ಕರೆದ ಹಾಲು, ಏಳಕ್ಕೆ ಇಲ್ಲಿದೆ, ಹೇಗೆ ಹುಳಿಯಾಗುತ್ತದೆ ನೀವೇ ಹೇಳಿ.’ ಮುಚ್ಚಳ ತೆಗೆದು ಮೂಸಿದೆ, ಹಾಲು ಕಮ್ಮಗಿತ್ತು. ಪ್ರನಾಳದಲ್ಲಿ ಹಾಕಿ ಕುದಿಯುವ ನೀರಿನಲ್ಲಿಟ್ಟು ನೋಡಿದೆ, ಒಡೆಯಲಿಲ್ಲ. ಆಲ್ಕೊಹಾಲ್ ಪರೀಕ್ಷೆಯಲ್ಲಿಯೂ ಗರಣೆ ಕಟ್ಟಲಿಲ್ಲ. ಟೈಟ್ರೇಷನ್ನಿನಲ್ಲಿ ಮಾತ್ರ 0.155, 0.16. ಮೂರು ಸಾಕ್ಷಿ ಒಂದು ಕಡೆ, ಬ್ಯುರೆಟ್ ಒಂದೇ ಇನ್ನೊಂದು ಕಡೆ. ನಾನು ಜೊತೆಗೆ ತಂದಿದ್ದ 0.1 ನಾರ್ಮಲ್ ಆಕ್ಸಾಲಿಕ್ ಆಮ್ಲವನ್ನು ಪಿಪೆಟ್ ಎಂಬ ಅಳತೆಯ ನಳಿಗೆಯಿಂದ 10 ಮಿ.ಲೀ. ತೆಗೆದು ಅವರ ಕ್ಷಾರದಿಂದ ಟೈಟ್ರೇಟ್ ಮಾಡಿದೆ. ಕ್ಷಾರ ಸರಿಯಾಗಿದ್ದರೆ 9 ಮಿ.ಲೀ.ಗೆ ಮುಗಿಯಬೇಕು. ಮುಗಿದದ್ದು 10ಕ್ಕೆ. ಬಾಟಲಿಯ ಮೇಲೆ 1/9 ಎಂದು ದಪ್ಪಕ್ಷರದಲ್ಲಿ ಬರೆದಿತ್ತು, ಒಳಗಿದ್ದದ್ದು 1/10.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಗುಳಿಗೆಗಳ ಡಬ್ಬಿಯ ಮುಚ್ಚಳ ಸೀಳಿತ್ತು, ಒಳಗೆ ಗುಳಿಗೆಗಳು ಕಲ್ಲಿನಂತೆ ಒಂದೇ ಗಡ್ಡೆಯಾಗಿದ್ದವು. ಆ ಗಡ್ಡೆಯನ್ನು ಕುಟ್ಟಿ, ಲೀಟರಿಗೆ 4.44 ಗ್ರಾಮಿನಂತೆ ಪುಸ್ತಕದ ಪ್ರಕಾರ ತೂಗಿ ಕರಗಿಸಿದ್ದರು. ತೂಕದಲ್ಲಿ ಲೋಪವಿರಲಿಲ್ಲ. ತೂಗಿದ್ದು ಅರ್ಧಂಬರ್ಧ ನೀರು ಕುಡಿದ, ಕಾರ್ಬೊನೇಟ್ ಸೇರಿದ ಕ್ಷಾರವನ್ನು, ಅಷ್ಟೆ. ಬಲ ಕುಂದಿದ ಕ್ಷಾರ ಹೆಚ್ಚು ಹೆಚ್ಚು ಬೇಕಾಗುತ್ತದೆ, ಹೆಚ್ಚು ಹೋದಷ್ಟೂ ಹಾಲು ಹೆಚ್ಚು ಹುಳಿಯೆಂದು ಕಾಣುತ್ತದೆ. ನಿಜವಾಗಿ 0.14 ಇರುವ ಹಾಲು ಅಂಥ ಕ್ಷಾರದಲ್ಲಿ 0.155ಕ್ಕಿಂತ ಸ್ವಲ್ಪ ಮೇಲೆಯೇ ತೋರಿಸುತ್ತದೆ. ಅಷ್ಟರಿಂದ ಎಷ್ಟು ಮನೆಗಳ ಬೆಳಗಿನ ಹಾಲು ವಾಪಸ್ಸು ಹೋಗಿತ್ತೋ. ಎರಡು ಹಸು ಕಟ್ಟಿಕೊಂಡು ಮಕ್ಕಳ ಫೀಸು ಕಟ್ಟುವ ಹೆಂಗಸರ ಹಾಲು ಅದು. ಅಲ್ಲಿದ್ದ ಹುಡುಗ ಬಿಎಸ್‌ಸಿ ಓದಿದವನು, ಕೆಲಸದಲ್ಲಿ ಚುರುಕು, ಮೋಸ ಅರಿಯದವನು. ಆಕ್ಸಾಲಿಕ್ ಆಮ್ಲದಿಂದ ತಾಳೆ ನೋಡಲಿಲ್ಲವೇಕಪ್ಪ ಎಂದರೆ, ‘ಮೇಡಂ, ಕಾಲೇಜಿನಲ್ಲಿ ಬಾಟಲಿಯ ಮೇಲೆ ಬರೆದದ್ದನ್ನೇ ಹಾಕಿಕೊಂಡು ಲೆಕ್ಕ ಮಾಡುತ್ತಿದ್ದೆವು’ ಎಂದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನಿಗೆ ಕಲಿಸಿದ್ದೇ ಹಾಗೆ.

ತಪ್ಪು ಇನ್ನೊಂದು ದಿಕ್ಕಿಗೆ ಆಗಿದ್ದರೂ ಅಪಾಯವೇ. ಕ್ಷಾರ ಹೇಳಿದ್ದಕ್ಕಿಂತ ಬಲವಾಗಿದ್ದರೆ ಹುಳಿಯಾದ ಹಾಲು ಒಳ್ಳೆಯದೆಂದು ಪಾಸಾಗಿ, ಟ್ಯಾಂಕರಿನ ಒಳ್ಳೆಯ ಹಾಲಿನ ಜೊತೆ ಸೇರಿ, ಕಾಯಿಸುವಾಗ ಅಷ್ಟನ್ನೂ ಒಡೆಸುತ್ತದೆ. ಕೊಬ್ಬರಿ ಎಣ್ಣೆಯ ಗಾಣಗಳಲ್ಲಿ, ಅಡುಗೆ ಎಣ್ಣೆಯ ಕಾರ್ಖಾನೆಗಳಲ್ಲಿ ಎಣ್ಣೆಯ ಕಮಟನ್ನು ಅಳೆಯುವುದು, ಔಷಧ ಕಂಪನಿಗಳಲ್ಲಿ ಆಮ್ಲಗಳ ಶುದ್ಧತೆ ನೋಡುವುದು, ನೀರಿನ ಪ್ರಯೋಗಾಲಯದಲ್ಲಿ ಆಮ್ಲೀಯತೆ ಕಂಡುಹಿಡಿಯುವುದು, ಎಲ್ಲ ಕಡೆಯೂ ಈ ಬಾಟಲಿಯೇ. ಇಂದು ಪಿಯುಸಿಯ ಮೇಜಿನ ಮುಂದೆ ನಿಂತ ಮಕ್ಕಳಲ್ಲಿ ಒಂದಷ್ಟು ಮಂದಿ ನಾಳೆ ಅಲ್ಲೆಲ್ಲ ಕೂರುವವರು.

ಲೋಕಾಯುಕ್ತ ಬಲೆಯ ಸುದ್ದಿಗಳನ್ನು ನಿಮ್ಮ ಪತ್ರಿಕೆಯಲ್ಲಿಯೇ ಓದುತ್ತೇವೆ. ಲಂಚದ ನೋಟಿಗೆ ಪೊಲೀಸರು ಸವರುವ ಪುಡಿ ಇದೇ ಫಿನಾಲ್ಫ್ತಲೀನ್. ನೋಟು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟಿನ ನೀರಿನಲ್ಲಿ ಅದ್ದಿಸಿದಾಗ ನೀರು ಗುಲಾಬಿಯಾಗುತ್ತದೆ, ಆ ನೀರನ್ನು ಬಾಟಲಿಗೆ ತುಂಬಿ, ಮೊಹರು ಮಾಡಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಕೂತು ವರದಿ ಬರೆಯುವವರೂ ಒಂದು ಕಾಲಕ್ಕೆ ಪಿಯುಸಿ ಪ್ರಯೋಗಾಲಯದಲ್ಲಿ ನಿಂತವರೇ. ಒಬ್ಬ ಮನುಷ್ಯನ ಮಾನ, ಕೆಲಸ, ಸೆರೆವಾಸ ಎಲ್ಲ ಅವರ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಕಂಡದ್ದನ್ನು ಬಿಟ್ಟು, ಬರಬೇಕಾದದ್ದನ್ನು ಬರೆಯುವ ಅಭ್ಯಾಸವನ್ನು ಹದಿನಾರು ಹದಿನೇಳರ ವಯಸ್ಸಿನಲ್ಲಿ ಅಂಟಿಸಿಕೊಂಡವರಿಗೆ ಮುಂದೆ ಅದನ್ನು ಬಿಡಿಸುವುದು ಯಾರು?

ಉಪನ್ಯಾಸಕರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಒಂದು ಬ್ಯಾಚಿಗೆ ಮಕ್ಕಳು ತುಂಬ, ಬ್ಯುರೆಟ್ಟುಗಳು ಕೆಲವೇ, ಅವುಗಳಲ್ಲಿ ಅರ್ಧದ ತಿರುಪು ಸೋರುತ್ತದೆ. ಅಟೆಂಡರ್ ಇಲ್ಲದ ಕಾಲೇಜಿನಲ್ಲಿ ಗಾಜು ತೊಳೆಯುವುದರಿಂದ ಹಿಡಿದು ದ್ರಾವಣ ಮಾಡುವವರೆಗೆ ಎಲ್ಲವೂ ಪಾಠ ಮಾಡುವವರ ತಲೆಯ ಮೇಲೆ. ರಸಾಯನಶಾಸ್ತ್ರದ 100 ಅಂಕಗಳಲ್ಲಿ 30 ಪ್ರಾಯೋಗಿಕಕ್ಕೆ ಇರುವಾಗ ಅದರಲ್ಲಿ ಒಂದು ಅಂಕ ಹೋದರೂ ಪೋಷಕರು ಬಾಗಿಲಿಗೆ ಬರುತ್ತಾರೆ. ಸಿಇಟಿ, ನೀಟ್ ಎಂಬ ಓಟದಲ್ಲಿ ಪ್ರಯೋಗಾಲಯದ ಗಂಟೆಗಳನ್ನೇ ಕತ್ತರಿಸುವ ಆಡಳಿತ ಮಂಡಳಿಗಳೂ ಇವೆ. ಇಷ್ಟರ ನಡುವೆ ಬೋರ್ಡಿನ ಮೇಲೆ 9.8 ಬರೆದುಬಿಡುವುದು ದುರುದ್ದೇಶದಿಂದಲ್ಲ, ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ. ಆದರೆ ಅದರಿಂದ ಒಳ್ಳೆಯದಾಗುತ್ತಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಅಂಕದ ಭಯ ಹೋಗಬೇಕಾದರೆ ಅಂಕ ಕೊಡುವ ರೀತಿ ಬದಲಾಗಬೇಕು. ಒಂದೇ ದೊಡ್ಡ ಬಾಟಲಿಯ ಬದಲು ಬೇರೆ ಬೇರೆ ಬಲದ ಕ್ಷಾರದ ದ್ರಾವಣಗಳನ್ನು ಬರಿಯ ಸಂಖ್ಯೆ ಬರೆದ ಬಾಟಲಿಗಳಲ್ಲಿ ಕೊಡಲಿ, ಯಾವುದರ ಬಲ ಎಷ್ಟು ಎಂಬುದು ಪರೀಕ್ಷಕರ ಬಳಿ ಮಾತ್ರ ಇರಲಿ. ಆಗ ಬೋರ್ಡಿನ ಮೇಲೆ ಬರೆಯಲು ಏನೂ ಉಳಿಯುವುದಿಲ್ಲ, ಪಕ್ಕದವರದನ್ನು ನೋಡಿ ಬರೆದರೂ ಪ್ರಯೋಜನವಿಲ್ಲ. ವಿದ್ಯಾರ್ಥಿಯ ಮೂರು ರೀಡಿಂಗುಗಳಲ್ಲಿ ಎರಡು 0.1 ಮಿ.ಲೀ. ಒಳಗೆ ಹೊಂದಿಕೊಂಡರೆ ಅದಕ್ಕೆ ಅಂಕ ಕೊಡಿ, ಹೊಂದದಿದ್ದಾಗ ಹೊಂದಲಿಲ್ಲವೆಂದು ಬರೆದು ನಾಲ್ಕನೆಯದನ್ನು ಮಾಡಿದವರಿಗೂ ಕೊಡಿ. ಬ್ಯುರೆಟ್ಟನ್ನು ಅದೇ ದ್ರಾವಣದಿಂದ ತೊಳೆದರೇ, ಕೋನಿಕಲ್ ಫ್ಲಾಸ್ಕನ್ನು ಬರಿಯ ನೀರಿನಿಂದ ತೊಳೆದರೇ, ತಿರುಪಿನ ಕೆಳಗಿನ ಗಾಳಿಗುಳ್ಳೆ ಹೊರಹಾಕಿದರೇ, ಆಲಿಕೆ ತೆಗೆದು ರೀಡಿಂಗ್ ನೋಡಿದರೇ ಎಂಬುದನ್ನು ಮೇಜಿನ ಪಕ್ಕ ನಿಂತು ನೋಡಿದರೆ ಯಾರಿಗೆ ಎಷ್ಟು ಬರುತ್ತದೆಂದು ಅನುಭವಸ್ಥರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ದ್ವಿತೀಯ ಪಿಯುಸಿಯ ಪೊಟ್ಯಾಸಿಯಂ ಪರ್ಮಾಂಗನೇಟಿಗೂ ಇದೇ ಮಾತು ಅನ್ವಯಿಸುತ್ತದೆ. ಅದೂ ಇಟ್ಟಲ್ಲಿ ಬಲ ಕಳೆದುಕೊಳ್ಳುವ ದ್ರಾವಣವೇ, ಅದಕ್ಕೂ ತಾಳೆ ಬೇಕೇ ಬೇಕು.

ದ್ರಾವಣ ಮಾಡಿಡುವವರಿಗೆ ನನ್ನ ಅನುಭವದ ಒಂದೆರಡು ಮಾತು. ಕ್ಷಾರವನ್ನು ಗಾಜಿನ ಬಿರಡೆಯ ಬಾಟಲಿಯಲ್ಲಿ ಇಡಬೇಡಿ, ಅದು ಗಾಜನ್ನೇ ತಿಂದು ಬಿರಡೆಯನ್ನು ಬಾಟಲಿಗೆ ಬೆಸೆದುಬಿಡುತ್ತದೆ. ಪಾಲಿಥೀನ್ ಬಾಟಲಿ ಸಾಕು, ಅಗ್ಗವೂ ಹೌದು. ಬ್ಯುರೆಟ್ಟಿನಲ್ಲಿಯೂ ರಾತ್ರಿಯಿಡೀ ಬಿಡಬಾರದು. ಬಟ್ಟಿ ಇಳಿಸಿದ ನೀರನ್ನು ಬಳಸುವ ಮೊದಲು ಕುದಿಸಿ, ಮುಚ್ಚಿ ತಣಿಸಿದರೆ ಅದರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ಕಾರ್ಬೊನೇಟಿಲ್ಲದ ಕ್ಷಾರ ಬೇಕೆಂದರೆ ಒಂದು ಹಳೆಯ ಉಪಾಯವಿದೆ. ಸಮತೂಕದ ನೀರಿನಲ್ಲಿ ಕ್ಷಾರವನ್ನು ಕರಗಿಸಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೆಲವು ದಿನ ಬಿಟ್ಟರೆ, ಅಷ್ಟು ಗಟ್ಟಿ ದ್ರಾವಣದಲ್ಲಿ ಕಾರ್ಬೊನೇಟ್ ಕರಗಲಾರದೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಕದಡದೆ ತೆಗೆದು, ಸುಮಾರು 5.3 ಮಿ.ಲೀ.ಯನ್ನು ಒಂದು ಲೀಟರಿಗೆ ಏರಿಸಿದರೆ 0.1 ನಾರ್ಮಲಿನ ಹತ್ತಿರ ಬರುತ್ತದೆ. ಕಾರ್ಬೊನೇಟಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಫಿನಾಲ್ಫ್ತಲೀನ್ ಬಳಸಿದಾಗ ಕಾರ್ಬೊನೇಟಿನ ಅರ್ಧ ಬಲವಷ್ಟೇ ಲೆಕ್ಕಕ್ಕೆ ಬರುತ್ತದೆ, ಉಳಿದರ್ಧ ಬೈಕಾರ್ಬೊನೇಟಾಗಿ ಅಲ್ಲಿಯೇ ಉಳಿದುಬಿಡುತ್ತದೆ. ಅದರ ಜೊತೆಗೆ ಕೊನೆಯ ಬಣ್ಣವೂ ಮಂಕಾಗಿ, ಎಲ್ಲಿ ನಿಲ್ಲಿಸಬೇಕೆಂಬುದೇ ಅನುಮಾನವಾಗುತ್ತದೆ.

ಈ ಗಟ್ಟಿ ದ್ರಾವಣ ಮಾಡುವ ಕೆಲಸವನ್ನು ಮಾತ್ರ ಮಕ್ಕಳಿಗೆ ಕೊಡಬೇಡಿ. ಕರಗುವಾಗ ಮುಟ್ಟಲಾಗದಷ್ಟು ಕಾಯುತ್ತದೆ, ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಗುಳಿಗೆಗಳನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಬೇಕು. ಗುಳಿಗೆಯ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಸಿಡಿದರೆ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ, ಕೂಡಲೇ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಓಡಬೇಕು. ಕನ್ನಡಕವಿಲ್ಲದೆ ಯಾರನ್ನೂ ಹತ್ತಿರ ಬಿಡಬಾರದು. ಇನ್ನು ಪಿಪೆಟ್ಟನ್ನು ಬಾಯಿಯಿಂದ ಎಳೆಯುವ ಪದ್ಧತಿ ಇನ್ನೂ ಕೆಲವೆಡೆ ನಡೆಯುತ್ತಿದೆ ಎಂದು ಕೇಳಿ ಗಾಬರಿಯಾದೆ. ಆಕ್ಸಾಲಿಕ್ ಆಮ್ಲ ವಿಷ. ರಬ್ಬರಿನ ಬಲ್ಬು ಕೊಳ್ಳಲು ಅನುದಾನವಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇಲಾಖೆಯವರು ಮನಸ್ಸು ಮಾಡಿದರೆ ಮುಂದಿನ ಶೈಕ್ಷಣಿಕ ವರ್ಷದಿಂದಲೇ ಒಂದು ಸುತ್ತೋಲೆ ಹೊರಡಿಸಬಹುದು. ಪ್ರಯೋಗಾಲಯದ ಪ್ರತಿ ದ್ರಾವಣದ ಬಾಟಲಿಯ ಮೇಲೆ ತಯಾರಿಸಿದ ದಿನ, ತಾಳೆ ನೋಡಿದ ದಿನ, ಕಂಡುಬಂದ ಬಲ ಮತ್ತು ಮಾಡಿದವರ ಸಹಿ ಇರಬೇಕು. ಪ್ರಥಮ ಪಿಯುಸಿಯ ಪ್ರತಿ ವಿದ್ಯಾರ್ಥಿ ವರ್ಷದಲ್ಲಿ ಒಮ್ಮೆಯಾದರೂ ಆಕ್ಸಾಲಿಕ್ ಆಮ್ಲವನ್ನು ತಾನೇ ತೂಗಿ, ತಾನೇ ಮಾಡಿದ ಕ್ಷಾರದ ಬಲ ಕಂಡುಹಿಡಿಯಬೇಕು. ರೆಕಾರ್ಡ್ ಪುಸ್ತಕದಲ್ಲಿ ಹೊಡೆದುಹಾಕಿದ ರೀಡಿಂಗ್ ಕಂಡರೆ ಅಂಕ ಕಳೆಯಬಾರದು. ಖರ್ಚಿನ ಬಾಬತ್ತು ಇದರಲ್ಲಿ ಹೆಚ್ಚೇನೂ ಇಲ್ಲ. ಬೇಕಾಗಿರುವುದು ಸಮಯ. ಪ್ರಯೋಗಾಲಯದ ಅವಧಿಯನ್ನು ಬೇರೆ ಪಾಠಕ್ಕೆ ಬಳಸಬಾರದೆಂಬ ಕಟ್ಟುನಿಟ್ಟು ಬಂದರೆ ಅದೂ ಸಿಗುತ್ತದೆ.

ಮೈಸೂರು ಹಾಗೂ ಸುತ್ತಲಿನ ತಾಲ್ಲೂಕುಗಳ ಯಾವುದೇ ಸರ್ಕಾರಿ ಕಾಲೇಜಿನವರು ಕರೆದರೆ ನಾನು ಬರಲು ಸಿದ್ಧಳಿದ್ದೇನೆ. ಸಂಭಾವನೆ ಬೇಡ. ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟಿನ ಒಂದು ಬಾಟಲಿ, ಸೋರದ ಎರಡು ಬ್ಯುರೆಟ್ಟು ನಾನೇ ತರುತ್ತೇನೆ. ಒಂದು ಬ್ಯಾಚಿನ ಮಕ್ಕಳನ್ನು ಒಂದು ಇಡೀ ಮಧ್ಯಾಹ್ನ ನನಗೆ ಬಿಟ್ಟುಕೊಟ್ಟರೆ ಸಾಕು. ನನ್ನಂತೆಯೇ ಡೇರಿ, ಸಕ್ಕರೆ ಕಾರ್ಖಾನೆ, ಔಷಧ ಕಂಪನಿಗಳ ಪ್ರಯೋಗಾಲಯಗಳಿಂದ ನಿವೃತ್ತರಾದ ಅನೇಕರು ಪ್ರತಿ ಜಿಲ್ಲೆಯಲ್ಲಿಯೂ ಇದ್ದಾರೆ. ಅವರು ತಮ್ಮ ತಮ್ಮ ಊರಿನ ಕಾಲೇಜಿನ ಪ್ರಾಂಶುಪಾಲರನ್ನು ಒಮ್ಮೆ ಕಂಡು ಮಾತನಾಡಬೇಕೆಂದು ಈ ಪತ್ರದ ಮೂಲಕ ಅವರಲ್ಲಿಯೂ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಡೇರಿ ರಸಾಯನಜ್ಞೆ, ಮೈಸೂರು